ಹುಣಸೆಹಣ್ಣು ಸಮುದ್ರ ದಾಟಿದ ಬೇಸಿಗೆ

ಮೊನ್ನೆ ಅಂಗಡಿಯಿಂದ ತಂದ ಹುಣಸೆಹಣ್ಣಿನ ಪೊಟ್ಟಣದ ಮೇಲೆ ‘ಬೀಜವಿಲ್ಲದ್ದು’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಸಾರಿಗೆಂದು ನೆನೆಹಾಕಿ ಕಿವುಚಿದರೆ ಒಂದಲ್ಲ, ಮೂರು ಬೀಜ ಕೈಗೆ ಸಿಕ್ಕವು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯವನಿಗೆ ನಿಂತಲ್ಲಿಂದಲೇ ಮಂಗಳಾರತಿ ಎತ್ತುತ್ತಿದ್ದರೇನೋ. ನನಗೆ ನಗು ಬಂತು. ಪಾಪ, ಯಾರೋ ಕಥೆ ಕೇಳುತ್ತಾ ಕೂತು ಕುಟ್ಟಿರಬೇಕು ಅಂದುಕೊಂಡೆ. ಹೀಗೆ ಅಂದುಕೊಳ್ಳುವುದಕ್ಕೆ ನನಗೆ ಕಾರಣವಿದೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ. ನೇರವಾಗಿ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಮೊದಲು ಒಂದು ಗುಟ್ಟು. ಕುಣಿಗಲ್ಲಿನಲ್ಲಿ ‘ಇಂಗ್ಲಿಷ್ ಮೇಡಂ’ ಎಂದೇ ಹೆಸರಾಗಿ ನಿವೃತ್ತಳಾದ ನಾನು, ಪಿಯುಸಿಯಲ್ಲಿ ಇಂಗ್ಲಿಷಿನಲ್ಲೇ ಎರಡು ಸಲ ಡುಮ್ಕಿ ಹೊಡೆದವಳು. ಒಂದು ಸಲವಾದರೆ ಜ್ವರ ಬಂದಿತ್ತು ಅನ್ನಬಹುದು. ಎರಡನೆಯ ಸಲಕ್ಕೆ ನೆಪ ಹುಡುಕಲು ನಮ್ಮಮ್ಮನಂಥ ನಮ್ಮಮ್ಮನಿಗೂ ಆಗಲಿಲ್ಲ. ಅಪ್ಪ ಗುಬ್ಬಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಕಂಡವರ ಮಕ್ಕಳಿಗೆಲ್ಲ ಎಬಿಸಿಡಿ ತಿದ್ದಿಸಿದವರು. “ಏನ್ ಮೇಷ್ಟ್ರೇ, ಮಗಳ ರಿಸಲ್ಟ್ ಏನಾಯ್ತು?” ಎಂದು ಹೋಟೆಲಿನಲ್ಲಿ ಯಾರೋ ಕೇಳಿದ ದಿನದಿಂದ ಅವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. ಮಸಾಲೆದೋಸೆ ಎಂದರೆ ಪ್ರಾಣ ಬಿಡುವ ಮನುಷ್ಯ, ನನ್ನ ದೆಸೆಯಿಂದ ಮನೆಯ ಉಪ್ಪಿಟ್ಟಿಗೆ ಒಗ್ಗಿಕೊಂಡರು.

ಎಪ್ಪತ್ತರ ದಶಕದ ಮಾತು ಇದು. ಒಂದು ಸಂಜೆ ಅಪ್ಪ ನನ್ನನ್ನು ಕರೆದು ಹೇಳಿದರು: “ಏಪ್ರಿಲ್‌ನಲ್ಲಿ ಇನ್ನೊಂದ್ಸಲ ಕಟ್ಟು ಗಿರಿಜಾ. ಅದೇ ಕೊನೆ. ಆಗ್ಲಿಲ್ಲ ಅಂದ್ರೆ ಓದಿದ್ದು ಸಾಕು. ಗಂಡು ನೋಡ್ತೀನಿ.”

ಗದರಿ ಹೇಳಿದ್ದರೆ ಜಗಳವಾಡಬಹುದಿತ್ತು. ಮೆತ್ತಗೆ ಹೇಳಿಬಿಟ್ಟರು. ಓದಿ ಏನಾಗಬೇಕು ಎಂದು ನನಗೂ ತಿಳಿದಿರಲಿಲ್ಲ. ಓದು ನಿಂತುಹೋದರೆ ನಾನು ನಾನಾಗಿ ಇರುವುದಿಲ್ಲ ಎಂಬ ಭಯ ಮಾತ್ರ ಇತ್ತು.

ಗುಬ್ಬಿಯಲ್ಲಿದ್ದರೆ ಕೇಳುವವರ ಕಾಟ ಎಂದು ಅಮ್ಮ ನನ್ನನ್ನು ತುಮಕೂರಿಗೆ, ಬಟವಾಡಿಯಲ್ಲಿದ್ದ ಅವಳ ಅಕ್ಕನ ಮನೆಗೆ ಕಳಿಸಿದಳು. ದೊಡ್ಡಪ್ಪ ಸತ್ಯಮಂಗಲದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕಿದ್ದರು. ದೊಡ್ಡಮ್ಮ ಗೌರಮ್ಮ ಸುಮ್ಮನೆ ಕೂರುವ ಜೀವವಲ್ಲ. ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಮಂಡಿಯಿಂದ ಹುಣಸೆಹಣ್ಣು ತರಿಸಿ, ಹಿತ್ತಿಲಿನ ಹೊಂಗೆಮರದ ಕೆಳಗೆ ಆರೇಳು ಹೆಂಗಸರನ್ನು ಕೂರಿಸಿ, ಹಸನು ಮಾಡಿ ಮಂಡಿಗೆ ವಾಪಸು ಕೊಡುತ್ತಿದ್ದಳು. ತುಮಕೂರಿನವರಿಗೆ ಈ ಕೆಲಸ ಹೊಸದಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಒಣಗಿದ ಕಾಯಿಯ ಓಡು ಬಿಡಿಸಬೇಕು, ನಾರು ಎಳೆಯಬೇಕು, ಆಮೇಲೆ ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದೇ ಏಟು ಹಾಕಿ ಬೀಜವನ್ನು ಆಚೆ ಹಾರಿಸಬೇಕು. ಏಟು ಜೋರಾದರೆ ಬೀಜ ಒಡೆದು ಹಣ್ಣಿಗೆ ಸೇರುತ್ತದೆ, ಮೆತ್ತಗಾದರೆ ಒಳಗೇ ಉಳಿಯುತ್ತದೆ. ಓಡು ಬಿಡಿಸುವುದು ಹೊಸಬರ ಕೆಲಸ, ಬಿಸಿಲಲ್ಲಿ ಕೂತು ಮಾಡುವಂಥದ್ದು. ಕುಟ್ಟುವ ಕಲ್ಲು ನುರಿತವರಿಗೆ. ಅದಕ್ಕೆ ಮರದ ನೆರಳು ಉಂಟು, ಒಂದಿಷ್ಟು ಗತ್ತೂ ಉಂಟು.

ಗತ್ತಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಪುಟ್ಟಕ್ಕ. ಹುತ್ರಿದುರ್ಗದ ಕಡೆಯಿಂದ ಮದುವೆಯಾಗಿ ಬಂದವಳು, ನಲವತ್ತೈದರ ಆಸುಪಾಸು, ನಾಲಿಗೆಯೋ ಅವಳು ಕುಟ್ಟುವ ಹಣ್ಣಿಗಿಂತ ಹುಳಿ. ಮರದ ಬುಡಕ್ಕೆ ಒರಗಿದ ಹಾಗಿದ್ದ ಕಲ್ಲು ಅವಳದು. ಅಲ್ಲಿ ಬೇರೆಯವರು ಕೂತರೆ ಆ ದಿನ ರಣರಂಗ.

ನಾನು ಪುಸ್ತಕ ಹಿಡಿದು ಅದೇ ನೆರಳಿಗೆ ಹೋಗಿ ಕೂತೆ. ಮೊದಲ ದಿನವೇ ಪುಟ್ಟಕ್ಕ ತಗುಲಿಕೊಂಡಳು.

“ಯಾರಮ್ಮಣ್ಣಿ ನೀನು? ನೆಳ್ಳಾಗ್ ಕೂತ್ಕಂಡು ಕೈ ಆಡ್ಸಾಕಿಲ್ಲ ಅಂದ್ರೆ ಬಾಯಾದ್ರೂ ಆಡ್ಸು.”

ಅದು ಅಲ್ಲಿನ ಕಟ್ಟಳೆ. ಮಧ್ಯಾಹ್ನದ ಝಳಕ್ಕೆ ಕುಟ್ಟುವವರಿಗೆ ತೂಕಡಿಕೆ ಬರುತ್ತದೆ, ತೂಕಡಿಸಿದರೆ ಕೊಡತಿ ಬೀಳುವುದು ಬೆರಳಿನ ಮೇಲೆ. ಅದಕ್ಕೇ ಕೆಲಸ ಮಾಡದೆ ಕೂತವರು ಏನಾದರೂ ಹೇಳುತ್ತಿರಬೇಕು. ನನ್ನ ಹತ್ತಿರ ಹೇಳುವುದಕ್ಕೆ ಏನಿತ್ತು ಮಣ್ಣು? ಪಠ್ಯಪುಸ್ತಕದ ಪಾಠವನ್ನೇ ಕನ್ನಡದಲ್ಲಿ ಹೇಳಲು ನೋಡಿದೆ. ಎರಡನೆಯ ವಾಕ್ಯಕ್ಕೆ ತಡವರಿಸಿದೆ. “ಇವಳ್ಗೇ ಅರ್ಥ ಆಗಿಲ್ಲ, ನಮಗೇನ್ ಹೇಳ್ತಾಳೆ ಬುಡು,” ಎಂದಳು ಪುಟ್ಟಕ್ಕ. ಎರಡು ವರ್ಷದಲ್ಲಿ ಯಾವ ಪರೀಕ್ಷಕರೂ ಕಂಡುಹಿಡಿದು ಹೇಳದಿದ್ದ ನನ್ನ ಕಾಯಿಲೆಯನ್ನು ಅವಳು ಎರಡು ನಿಮಿಷದಲ್ಲಿ ಹೇಳಿದ್ದಳು.

ದೊಡ್ಡಮ್ಮನ ಮನೆಯ ಹಿಂಗೋಡೆಯ ಆಚೆಗೆ ಖಾದರ್ ಸಾಹೇಬರ ಮನೆ. ಉರ್ದು ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಇಂಗ್ಲಿಷ್, ಪಾರ್ಸಿ, ಒಂದಿಷ್ಟು ಅರಬ್ಬೀ ಬಲ್ಲವರು. ದೊಡ್ಡಮ್ಮ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಹೋಗಿ, ನನ್ನನ್ನು ಅವರ ಮುಂದೆ ನಿಲ್ಲಿಸಿ, “ಹೆಂಗಾದ್ರೂ ಮಾಡಿ ದಾಟ್ಸಿ ಮೇಷ್ಟ್ರೇ,” ಎಂದಳು. ಮೊದಲ ವಾರ ಅವರು ವ್ಯಾಕರಣ ಹೇಳಿದರು. ನಾನು ಅತ್ತೆ. ಎರಡನೆಯ ವಾರವೂ ಹೇಳಿದರು. ಮತ್ತೂ ಅತ್ತೆ. ಮೂರನೆಯ ವಾರ ಅವರು ಪುಸ್ತಕ ಮುಚ್ಚಿಟ್ಟು ಕೇಳಿದರು:

“ನಿಮ್ಮ ಹಿತ್ತಿಲಲ್ಲಿ ದಿನಾ ಟಪ್ ಟಪ್ ಅಂತದಲ್ಲ, ಏನಮ್ಮಾ ಅದು?”

“ಹುಣಸೆಹಣ್ಣು ಕುಟ್ತಾರೆ ಮೇಷ್ಟ್ರೇ.”

“ಇಂಗ್ಲಿಷಲ್ಲಿ ಅದಕ್ಕೆ ಏನಂತಾರೆ?”

“ಟ್ಯಾಮರಿಂಡ್.”

“ಆ ಹೆಸರು ಇಂಗ್ಲಿಷಿನವರಿಗೆ ಕೊಟ್ಟಿದ್ದು ಯಾರು?”

ನನಗೇನು ಗೊತ್ತು! ಅವರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಭಾರೀ ನಿಘಂಟನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ನನ್ನ ಮುಂದಿಟ್ಟರು. “ನೀನೇ ಓದಿ ನನಗೆ ಹೇಳು.”

ಅಕ್ಷರ ಕೂಡಿಸಿಕೊಂಡು ಓದಲು ಅರ್ಧ ಗಂಟೆ ಬೇಕಾಯಿತು. ಅರಬ್ಬರು ನಮ್ಮ ಕರಾವಳಿಯಿಂದ ಹುಣಸೆಹಣ್ಣು ಕೊಂಡುಹೋಗುತ್ತಿದ್ದರಂತೆ. ಕಪ್ಪಗೆ, ಅಂಟಂಟಾಗಿ, ಮುದ್ದೆ ಕಟ್ಟಿದ ಅದನ್ನು ಕಂಡು ಅವರಿಗೆ ತಮ್ಮ ಖರ್ಜೂರ ನೆನಪಾಗಿದೆ. ಖರ್ಜೂರಕ್ಕೆ ಅವರು ‘ತಮ್ರ್’ ಅನ್ನುತ್ತಾರೆ. ಹಿಂದೂಸ್ತಾನದ ಖರ್ಜೂರ ಎಂದು ಇದಕ್ಕೆ ‘ತಮ್ರ್ ಹಿಂದೀ’ ಎಂದು ಹೆಸರಿಟ್ಟರು. ಅವರ ವೈದ್ಯಗ್ರಂಥಗಳು ಲ್ಯಾಟಿನ್ನಿಗೆ ಹೋದಾಗ ಎರಡು ಪದ ಒಂದಾಗಿ ‘ತಮರಿಂಡುಸ್’ ಆಯಿತು.

ಆ ಮಧ್ಯಾಹ್ನ ಹೊಂಗೆಮರದ ಕೆಳಗೆ ಓಡಿಬಂದು ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಹೆಂಗಸರು ಕೊಡತಿ ನಿಲ್ಲಿಸಿ ನಕ್ಕರು.

“ಖರ್ಜೂರಾನಾ? ಇದಾ? ಅವ್ರ ಬಾಯಿಗೇನ್ ಬಂದಿತ್ತು ರೋಗ?”

“ಕಣ್ಣಲ್ಲಿ ನೋಡಿ ಹೆಸರಿಟ್ಟವ್ರೆ ಬುಡು. ನಾಲ್ಗೆ ಮೇಲ್ ಇಟ್ಕಂಡಿದ್ರೆ ಇಡ್ತಿದ್ರಾ?”

“ಆಮೇಲೆ?” ಎಂದಳು ಪುಟ್ಟಕ್ಕ. “ಆಮೇಲ್ ಎಲ್ಲಿಗ್ ಹೋಯ್ತು?”

ಈ ‘ಆಮೇಲೆ’ ಇದೆಯಲ್ಲ, ನನ್ನ ಬದುಕನ್ನು ಎತ್ತಿ ನಿಲ್ಲಿಸಿದ್ದು ಇದೇ ಪದ. ಆಮೇಲೆ ಎಲ್ಲಿಗೆ ಹೋಯಿತು ಎಂದು ಹೇಳಬೇಕಾದರೆ ನಾಳೆ ನಾನು ಮತ್ತೆ ಆ ನಿಘಂಟಿನ ಮುಂದೆ ಕೂರಬೇಕು. ಪರೀಕ್ಷೆಗಾಗಿ ಓದಿದಾಗ ಕಣ್ಣಿನಿಂದ ಜಾರುತ್ತಿದ್ದ ಇಂಗ್ಲಿಷು, ಪುಟ್ಟಕ್ಕನಿಗೆ ಹೇಳಬೇಕು ಎಂದು ಓದಿದಾಗ ಕೈಗೆ ಸಿಕ್ಕಿತು. ಸಾಹೇಬರು ನಿಘಂಟಿನ ಜೊತೆಗೆ ಹಳೆಯ ಪ್ರವಾಸಕಥನಗಳನ್ನೂ ವೈದ್ಯದ ಪುಸ್ತಕಗಳನ್ನೂ ಕೊಟ್ಟರು. ದಿನಕ್ಕೊಂದು ಪುಟ ಓದಿ, ಅರ್ಥ ಮಾಡಿಕೊಂಡು, ಕನ್ನಡ ಮಾಡಿಕೊಂಡು, ಮಧ್ಯಾಹ್ನ ಮರದ ಕೆಳಗೆ ಹಾಜರಾಗುತ್ತಿದ್ದೆ.

ಹೀಗೆ ಹುಣಸೆಹಣ್ಣು ಇಟಲಿಗೆ ಹೋಯಿತು. ಅಲ್ಲಿ ಅದನ್ನು ಯಾರೂ ಸಾರಿಗೆ ಹಾಕಲಿಲ್ಲ. ಔಷಧದ ಅಂಗಡಿಯಲ್ಲಿಟ್ಟು, ಹೊಟ್ಟೆ ಕಟ್ಟಿದವರಿಗೆ ಭೇದಿಗೆ ಕೊಟ್ಟರು. ಇದನ್ನು ಹೇಳಿದ ದಿನ ಹಿತ್ತಿಲಲ್ಲಿ ಎದ್ದ ನಗು ಹೆದ್ದಾರಿಯ ಬಸ್ಸುಗಳಿಗೂ ಕೇಳಿಸಿರಬೇಕು. ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು, “ನಾವ್ ದಿನಾ ಅನ್ನಕ್ ಕಲಸ್ಕೊಂಡು ತಿನ್ನೋದನ್ನ…” ಎಂದು ಮುಂದೆ ಹೇಳಲಾಗದೆ ಒಳಗೆ ಓಡಿದಳು. ಇಟಲಿಯವರೂ ಸ್ಪೇನಿನವರೂ ಪೋರ್ಚುಗಲ್ಲಿನವರೂ ‘ತಮರಿಂದೊ’ ಎಂದರು. ಫ್ರಾನ್ಸಿನವರು ಬಾಲ ಕತ್ತರಿಸಿ ‘ತಮರ‍್ಯಾಂ’ ಮಾಡಿಕೊಂಡರು. ಜರ್ಮನಿಯವರು ‘ತಮರಿಂಡೆ’ ಎಂದರು. ಮೆಕ್ಸಿಕೊ ಮುಟ್ಟಿದ ಮೇಲೆ ಅಲ್ಲಿನವರು ಅದಕ್ಕೆ ಸಕ್ಕರೆ ನೀರು ಬೆರೆಸಿ ಕುಡಿದರು ಎಂದಾಗ ಪುಟ್ಟಕ್ಕ ಕೊಡತಿ ಎತ್ತಿ ಹಿಡಿದು, “ಪಾನಕ! ಕೊನೆಗೂ ಒಬ್ರಿಗಾದ್ರೂ ಬುದ್ಧಿ ಬಂತಲ್ಲಪ್ಪ!” ಎಂದು ಕೂಗಿದಳು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಸಾಹೇಬರು ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಶಿರಾಕ್ಕೆ ಹೋದರು. ಮನೆಗೆ ಬೀಗ, ನಿಘಂಟು ಒಳಗೆ. ಮರದ ಕೆಳಗೆ ಮಾತ್ರ “ಆಮೇಲೆ?” ತಪ್ಪಲಿಲ್ಲ. ಇವತ್ತು ಏನೂ ಓದಿಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಮೂರು ವಾರ ಆರೇಳು ಜನ ನನ್ನ ಬಾಯಿ ನೋಡುತ್ತಾ ಕೂತಿದ್ದರಲ್ಲ, ನನಗೂ ಕೊಂಬು ಬಂದಿತ್ತು. ಹುಣಸೆಹಣ್ಣನ್ನು ನಾನೇ ರಷ್ಯಾಕ್ಕೆ ಕಳಿಸಿಬಿಟ್ಟೆ.

ರಷ್ಯಾದ ಒಬ್ಬ ರಾಣಿ ಬಸುರಿ. ತಿಂದದ್ದು ನಿಲ್ಲುತ್ತಿಲ್ಲ. ಯಾವುದೋ ಹುಳಿಯ ಬಯಕೆ, ಏನೆಂದು ಅವಳಿಗೇ ಹೇಳಲು ಬರುತ್ತಿಲ್ಲ, ಏಕೆಂದರೆ ಆ ಹುಳಿಯ ಹೆಸರು ಆ ದೇಶದ ಭಾಷೆಯಲ್ಲೇ ಇಲ್ಲ. ಮೂರು ದಿನ ಎಳೆದೆ. ಸುರಿಯುವ ಮಂಜು, ಸೊರಗುವ ರಾಣಿ, ಕುದುರೆ ಏರಿ ದಕ್ಷಿಣಕ್ಕೆ ಓಡುವ ದೂತರು. ಬಸುರಿಯ ಬಯಕೆ ಏನೆಂದು ಅಲ್ಲಿ ಕೂತಿದ್ದ ಯಾರಿಗೆ ಗೊತ್ತಿಲ್ಲ? ಒಬ್ಬೊಬ್ಬರೂ ತಮ್ಮ ತಮ್ಮ ಬಸುರಿನ ದಿನಗಳಿಗೆ ಹೋಗಿಬಿಟ್ಟರು. ಕೈ ತಾನಾಗಿ ಕುಟ್ಟುತ್ತಿತ್ತು, ಕಣ್ಣು ಮಾತ್ರ ರಷ್ಯಾದಲ್ಲಿತ್ತು.

ನಾಲ್ಕನೆಯ ದಿನ, ಕಥೆ ಮುಗಿಯುವ ಮೊದಲೇ, ಮಂಡಿಯ ಸಾಹುಕಾರರು ಆ ಮೂರು ದಿನ ಕುಟ್ಟಿ ಕಳಿಸಿದ್ದ ಅಷ್ಟೂ ಮಾಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಹಿತ್ತಿಲಲ್ಲಿ ಸುರಿಸಿದರು. ಒಂದು ಹಿಡಿ ತೆಗೆದು ದೊಡ್ಡಮ್ಮನ ಮುಂದೆ ಹಿಸುಕಿದರು. ನಾಲ್ಕು ಬೀಜ.

“ಏನ್ ಗೌರಮ್ಮ, ಇಲ್ಲಿ ಹುಣಸೆಹಣ್ಣು ಕುಟ್ತೀರೋ, ಹರಿಕಥೆ ಮಾಡಿಸ್ತೀರೋ? ಯಾವುದೋ ಹುಡುಗಿ ದಿನಾ ಕಥೆ ಹೇಳ್ತಾಳಂತೆ. ಆ ಹುಡುಗಿ ಬಾಯಿ ಮುಚ್ಚಿಸಿ. ಇಲ್ಲಾ, ಮಾಲು ಬೇರೆ ಕಡೆ ಕೊಡ್ತೀನಿ.”

ದೊಡ್ಡಮ್ಮನ ಮುಖ ಬಿಳಿಚಿತು. ಮಾಲು ನಿಂತರೆ ಏಳು ಮನೆಯ ಬೇಸಿಗೆಯ ಕೂಲಿ ನಿಲ್ಲುತ್ತದೆ. ನಾನೇ ಮುಂದೆ ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು. ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತೇ ಇದ್ದೆ. ಆಗ ಪುಟ್ಟಕ್ಕ ಕಲ್ಲಿನ ಮುಂದಿನಿಂದ ಎದ್ದಳು.

“ಹುಡ್ಗೀದೇನೂ ತಪ್ಪಿಲ್ಲ ಸಾವ್ಕಾರ್ರೆ. ನನ್ ಕಣ್ಣು ಮಂಜಾಗೈತೆ. ಹಣ್ಣ್ಯಾವ್ದು ಬೀಜ ಯಾವ್ದು ಕಾಣಾಕಿಲ್ಲ. ನಾಚ್ಕೆ ಆಗಿ ಯಾರ್ಗೂ ಹೇಳಿರ್ಲಿಲ್ಲ.”

“ಎಷ್ಟು ದಿನದಿಂದ?”

“ಸಂಕ್ರಾಂತಿಯಿಂದ.”

“ಹಂಗಿದ್ದ ಮೇಲೆ ಕಲ್ಲಿನ ಮುಂದೆ ಯಾಕೆ ಕೂತೆ? ಎದ್ದು ಓಡು ಬಿಡಿಸು ಹೋಗು,” ಎಂದರು ಸಾಹುಕಾರರು. ಹುಣಸೆಹಣ್ಣನ್ನೆಲ್ಲ ಮೊದಲಿನಿಂದ ಹಸನು ಮಾಡಿಕೊಡಬೇಕೆಂದು ಹೇಳಿ ಹೊರಟರು.

ಪುಟ್ಟಕ್ಕ ತನ್ನ ಕೊಡತಿಯನ್ನು ಪಕ್ಕದವಳ ಕೈಗೆ ಕೊಟ್ಟು, ಮರದ ಬುಡ ಬಿಟ್ಟು, ಬಿಸಿಲಿಗೆ ಹೋಗಿ ಹೊಸಬರ ಜೊತೆ ಕೂತಳು.

ನಾನು ನಾಲ್ಕು ದಿನ ಮರದ ಕಡೆ ತಲೆ ಹಾಕಲಿಲ್ಲ. ಸಾಹೇಬರು ಊರಿನಿಂದ ಬಂದರೂ ಅವರ ಮನೆಗೂ ಹೋಗಲಿಲ್ಲ. ಕಣ್ಣು ಮಂಜಾದ ಹೆಂಗಸೊಬ್ಬಳ ಮರ್ಯಾದೆ ನನ್ನ ಸುಳ್ಳಿನಿಂದಾಗಿ ಎಲ್ಲರ ಎದುರು ಹರಾಜಾಯಿತಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಕುಟ್ಟಿದ್ದನ್ನೇ ಮತ್ತೆ ಕುಟ್ಟುವ ಸದ್ದು ಬಿಟ್ಟರೆ ಹಿತ್ತಿಲಲ್ಲಿ ಮಾತಿನ ಸದ್ದಿರಲಿಲ್ಲ. ಐದನೆಯ ದಿನ ದೊಡ್ಡಮ್ಮ ಬಂದು ಹೊದಿಕೆ ಎಳೆದಳು.

“ಏಳೇ. ಅಲ್ಲಿ ಒಬ್ಳು ಬೆರಳು ಜಜ್ಕೊಂಡ್ಳು. ನೀನ್ ಬಾಯ್ ಮುಚ್ಕೊಂಡ್ರೆ ಎಲ್ರೂ ತೂಕಡಿಸ್ತಾರೆ. ಬೀಜ ಕಾಣೋ ಹಾಗೆ ಕಥೆ ಹೇಳೋದನ್ನ ಕಲ್ತ್ಕೋ, ಅಷ್ಟೇ.”

ಹೋದೆ. ಕಣ್ಣೀರು ಸುರಿಸುತ್ತಾ ರಷ್ಯಾದ ರಾಣಿ ಪೂರಾ ಸುಳ್ಳು, ನಾನೇ ಕಟ್ಟಿದ್ದು, ಕ್ಷಮಿಸಿ ಎಂದೆ. ಬಿಸಿಲಿನಿಂದ ಪುಟ್ಟಕ್ಕನ ದನಿ ಬಂತು.

“ಸುಳ್ಳೋ ನಿಜಾನೋ, ಅರ್ಧಕ್ ಬುಟ್ಟೋಗಿದ್ಯಲ್ಲ! ಅವಳ್ಗೆ ಹೆಣ್ಣಾಯ್ತೋ ಗಂಡಾಯ್ತೋ, ಅದ್ನಾದ್ರೂ ಹೇಳ್ಬುಡು.”

“ಹೆಣ್ಣು,” ಎಂದೆ ಬಿಕ್ಕುತ್ತಾ.

“ಸರಿ. ಇನ್ ನಿಜದ್ದು ಹೇಳು.”

ಅಂದಿನಿಂದ ನಿಜ ಮಾತ್ರ ಹೇಳಿದೆ. ನಿಜವೂ ಕಡಿಮೆ ಸೊಗಸಿನದಾಗಿರಲಿಲ್ಲ. ಹಿಂದೂಸ್ತಾನದ ಖರ್ಜೂರ ಎಂದು ಲೋಕವೆಲ್ಲ ಕರೆದರೂ ಆ ಮರದ ಮೂಲ ಆಫ್ರಿಕಾ ಎಂದು ಸಾಹೇಬರ ಪುಸ್ತಕವೊಂದರಲ್ಲಿತ್ತು. ಅದನ್ನು ಹೇಳಿದಾಗ ಹೆಂಗಸರ ಮುಖ ಸಪ್ಪಗಾಯಿತು. ಹಾಗಾದರೆ ನಮ್ಮದಲ್ಲವೇ? ಆಗ ದೊಡ್ಡಮ್ಮ, “ಮದ್ವೆಯಾಗಿ ಬಂದು ಇಷ್ಟು ಕಾಲ ಬಾಳ್ವೆ ಮಾಡಿದ್ ಮೇಲೆ ಇನ್ನೇನು? ತವರು ಆಫ್ರಿಕಾ ಇರ್ಬೋದು. ಸೊಸೆ ನಮ್ಮನೇದು,” ಎಂದಳು. ಎಲ್ಲರೂ ತವರು ಬಿಟ್ಟು ಬಂದವರೇ, ಒಪ್ಪಿಕೊಂಡರು.

ಏಪ್ರಿಲ್ ಬಂತು. ಪರೀಕ್ಷೆಯ ಪತ್ರಿಕೆ ಕೈಗೆ ಬಂದಾಗ ಹಳೆಯ ಹಾಗೆ ಅಕ್ಷರಗಳು ಕುಣಿಯತೊಡಗಿದವು. ಕಣ್ಣು ಮುಚ್ಚಿದೆ. “ಏನಂತೆ ಅಮ್ಮಣ್ಣಿ?” ಎಂದು ಬಿಸಿಲಲ್ಲಿ ಕೂತ ಯಾರೋ ಕೇಳಿದ ಹಾಗಾಯಿತು. ಮೊದಲ ಪ್ರಶ್ನೆಯನ್ನು ಓದಿ ಅವಳಿಗೆ ಕನ್ನಡದಲ್ಲಿ ಹೇಳಿದೆ, ಮನಸ್ಸಿನಲ್ಲೇ. ಆಮೇಲೆ ಉತ್ತರ ಬರೆದೆ. ಹೀಗೇ ಮೂರು ಗಂಟೆ ಕಳೆಯಿತು.

ಮುಂದೆ ಎಂಬತ್ತರ ದಶಕದಲ್ಲಿ ಕುಣಿಗಲ್ಲಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೋದೆನಲ್ಲ, ಅಲ್ಲಿ ಸುತ್ತಿನ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರು ಇಂಗ್ಲಿಷ್ ಪುಸ್ತಕ ತೆರೆದರೆ ನನ್ನ ಹಾಗೇ ಅಳುತ್ತಿದ್ದರು. ನಾನು ಅವರಿಗೆ ಕೊಡುತ್ತಿದ್ದ ಹೋಂವರ್ಕ್ ಒಂದೇ. ಇವತ್ತು ಓದಿದ್ದರಲ್ಲಿ ಒಂದು ಸಂಗತಿಯನ್ನು ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಹೇಳಿ ಬಾ, ಅವರು “ಆಮೇಲೆ?” ಎಂದು ಕೇಳಬೇಕು, ಹಾಗೆ ಹೇಳಿ ಬಾ. ನನ್ನನ್ನು ಒಳ್ಳೆಯ ಟೀಚರ್ ಎಂದು ಯಾರಾದರೂ ಹೊಗಳಿದರೆ ನನಗೆ ಒಳಗೊಳಗೇ ನಾಚಿಕೆ. ಆ ವಿದ್ಯೆ ನನ್ನದಲ್ಲ, ಓದು ಬರಹ ಕಾಣದ ಏಳು ಹೆಂಗಸರದು. ಅವರ ಋಣ ಈ ಜನ್ಮಕ್ಕೆ ತೀರುವುದಿಲ್ಲ.

ಆ ಏಪ್ರಿಲ್ ಪರೀಕ್ಷೆಯ ರಿಸಲ್ಟು ಬಂದದ್ದು ಜೂನಿನಲ್ಲಿ. ಪೇಪರಿನಲ್ಲಿ ನನ್ನ ನಂಬರು ಇತ್ತು. ಮೂರು ಸಲ ನೋಡಿದೆ, ಇತ್ತು. ಗುಬ್ಬಿಯ ಬಸ್ಸು ಹತ್ತಲು ಹೊರಟವಳನ್ನು ದೊಡ್ಡಮ್ಮ ತಡೆದಳು.

“ನಿಮ್ಮಪ್ಪಂಗೆ ನಾಳೆ ಹೇಳಿದ್ರೆ ಏನೂ ಮುಳುಗೋಗಲ್ಲ. ಅವರಿಗೆಲ್ಲ ಹೇಳಿ ಬಾ ಹೋಗು.”

ಹುಣಸೆಹಣ್ಣಿನ ಕಾಲ ಮುಗಿದು ಹೆಂಗಸರು ಬೇರೆ ಬೇರೆ ಕೆಲಸ ಹಿಡಿದಿದ್ದರು. ಒಂದೊಂದೇ ಮನೆ ಹುಡುಕಿ ಹೋದೆ. ಒಬ್ಬಳು ಊದುಬತ್ತಿ ಹೊಸೆಯುತ್ತಿದ್ದವಳು ಕಪ್ಪು ಕೈಯಲ್ಲೇ ನನ್ನ ಕೆನ್ನೆ ಸವರಿದಳು. ಇನ್ನೊಬ್ಬಳು ಬೆಲ್ಲದ ಚೂರು ಬಾಯಿಗಿಟ್ಟಳು. ಪುಟ್ಟಕ್ಕನ ಮನೆ ಗಲ್ಲಿಯ ತುದಿಗೆ. ಅವಳಿಗೆ ಬರೀ ಸುದ್ದಿ ಹೇಳಿದರೆ ಸಾಲದು ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಹೋದೆ. ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಕನ್ನಡಕ ಹಾಕಿಸಬೇಕು, ಮುಂದಿನ ವರ್ಷ ಅವಳ ಕಲ್ಲು ಅವಳಿಗೆ ಸಿಗಬೇಕು. ಅದರ ಖರ್ಚಿಗೆ ದೊಡ್ಡಪ್ಪನ ಹತ್ತಿರ ಮಾತಾಡಿಯೂ ಇಟ್ಟಿದ್ದೆ.

ಹೊತ್ತು ಇಳಿದಿತ್ತು. ದೀಪ ಹಚ್ಚುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಪುಟ್ಟಕ್ಕ ಜಗುಲಿಯ ಮೇಲೆ ಕೂತು ಹಳೆಯ ಸೀರೆಗೆ ತೇಪೆ ಹಾಕುತ್ತಿದ್ದಳು. ನಾನು ಬಂದದ್ದನ್ನು ನೋಡಿರಲಿಲ್ಲ. ದಾರ ಮುಗಿಯಿತು. ಉಂಡೆಯಿಂದ ಹೊಸ ಎಳೆ ಕಿತ್ತು, ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಯನ್ನು ಬೆಳಕಿಗೂ ಹಿಡಿಯದೆ, ಮಡಿಲಲ್ಲೇ ಇಟ್ಟುಕೊಂಡು, ಒಂದೇ ಸಲಕ್ಕೆ ಪೋಣಿಸಿದಳು.

ನಾನು ಅಲ್ಲೇ ನಿಂತೆ.

ತಲೆ ಎತ್ತಿದಳು. ನನ್ನನ್ನು ನೋಡಿದಳು, ಕೈಯಲ್ಲಿದ್ದ ಸೂಜಿ ನೋಡಿಕೊಂಡಳು.

“ಪುಟ್ಟಕ್ಕಾ, ನಿನ್ನ ಕಣ್ಣು…”

“ಪಾಸೋ ಫೇಲೋ, ಮೊದ್ಲು ಅದ್ನ್ ಹೇಳು.”

“ಪಾಸು.”

“ಹಂಗಾದ್ರೆ ಈಗ್ಯಾಕೆ ಕಣ್ಣಿನ್ ಸುದ್ದಿ? ಬುಡು,” ಎಂದು ಪುಟ್ಟಕ್ಕ ಜಗುಲಿಯ ಮೇಲೆ ಸರಿದು ನನಗೆ ಜಾಗ ಬಿಟ್ಟಳು.